ಹಾಸಿಗೆ ಪಕ್ಕದ ಹೆಡ್‌ಫೋನ್: ಆಸ್ಪತ್ರೆ ರೇಡಿಯೋಗಳ ಕಥೆ



ಕಳೆದ ಕ್ರಿಸ್ಮಸ್‌ಗೆ ನಮ್ಮ ಯುವ ತಂಡ ಆಸ್ಪತ್ರೆಯೊಂದಕ್ಕೆ ಹಾಡಲು ಹೋಗಿದ್ದು ನಿಮಗೆ ನೆನಪಿರಬಹುದು. ದೊಡ್ಡ ಸ್ಪೀಕರ್ ಬಾಕ್ಸ್, ಎರಡು ಮೈಕ್, ಕೀಬೋರ್ಡ್ ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದೆವು. ಎರಡನೇ ಹಾಡಿನ ಮಧ್ಯೆ ಒಬ್ಬ ಅಜ್ಜ ಗೋಡೆ ಕಡೆ ತಿರುಗಿ ತಲೆಯ ಮೇಲೆ ಹೊದಿಕೆ ಎಳೆದುಕೊಂಡರು. ಸೌಂಡ್ ಹೆಚ್ಚಿಸಿದವನು ನಾನೇ. ಅದು ಮನಸ್ಸಿನಿಂದ ಹೋಗಲಿಲ್ಲ. ರೋಗಿಗಳಿಗೆ ಹಾಡು ಕೇಳಿಸುವ ಕೆಲಸವನ್ನು ನಮಗಿಂತ ಮೊದಲು ಯಾರು, ಹೇಗೆ ಮಾಡಿದ್ದರು ಎಂದು ಹುಡುಕಿದಾಗ ಸಿಕ್ಕಿದ್ದು ಇಂಗ್ಲೆಂಡಿನ ಆಸ್ಪತ್ರೆ ರೇಡಿಯೋಗಳ ನೂರು ವರ್ಷಗಳ ಕಥೆ.

ಇವು ಆಕಾಶವಾಣಿಯ ಹಾಗೆ ಊರಿಗೆಲ್ಲ ಕೇಳುವ ನಿಲಯಗಳಲ್ಲ. ಒಂದು ಆಸ್ಪತ್ರೆಗೋ ಅಕ್ಕಪಕ್ಕದ ಕೆಲವು ಆಸ್ಪತ್ರೆಗಳಿಗೋ ಸೀಮಿತವಾದವು. ಹೆಚ್ಚಿನವು ತಂತಿಯ ಮೂಲಕವೇ ಹಾಸಿಗೆಯನ್ನು ತಲುಪುತ್ತಿದ್ದವು. ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು: ಹಗಲು ತಮ್ಮ ಕೆಲಸ, ಸಂಜೆ ರೇಡಿಯೋ.

ಬ್ರಿಟನ್ನಿನ ಮೊದಲ ಆಸ್ಪತ್ರೆ ರೇಡಿಯೋ ಎಂದು ಸಾಮಾನ್ಯವಾಗಿ ಹೇಳುವುದು ಯಾರ್ಕ್ ಕೌಂಟಿ ಆಸ್ಪತ್ರೆಯದನ್ನು. 1925ರಲ್ಲಿ ಥಾಮಸ್ ಹ್ಯಾನ್‌ಸ್ಟಾಕ್ ಎಂಬವರು ಅಲ್ಲಿ ಇದನ್ನು ಆರಂಭಿಸಿದರು. 200 ಹಾಸಿಗೆಗಳ ಪಕ್ಕದಲ್ಲಿ ಹೆಡ್‌ಫೋನ್, ಜೊತೆಗೆ 70 ಲೌಡ್‌ಸ್ಪೀಕರ್. 1926ರಿಂದ ಕ್ರೀಡಾ ವಿವರಣೆ ಮತ್ತು ಚರ್ಚಿನ ಆರಾಧನೆ ಅದರಲ್ಲಿ ಪ್ರಸಾರವಾಗುತ್ತಿತ್ತು. ಬಿಬಿಸಿ ತನ್ನ ಮೊದಲ ಫುಟ್‌ಬಾಲ್ ವೀಕ್ಷಕ ವಿವರಣೆ ಕೊಟ್ಟದ್ದು 1927ರ ಜನವರಿ 22ರಂದು ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಆ ಹೆಡ್‌ಫೋನ್‌ಗಳ ಬಗ್ಗೆ ಸ್ವಲ್ಪ ಯೋಚಿಸಿ. ಬೇಕಾದವರು ಹಾಕಿಕೊಳ್ಳಬಹುದು, ಬೇಡದವರು ಕೊಕ್ಕೆಗೆ ತೂಗುಹಾಕಬಹುದು. ಪಕ್ಕದ ಹಾಸಿಗೆಯವರು ನಿದ್ರಿಸಬಹುದು. ನಮ್ಮ ಸ್ಪೀಕರ್ ಬಾಕ್ಸ್ ಆ ಅಜ್ಜನಿಗೆ ಕೊಡದ ಆಯ್ಕೆ ಅದು.

ಎರಡನೇ ಮಹಾಯುದ್ಧದ ನಂತರ ಈ ಸೇವೆ ಊರೂರಿಗೆ ಹಬ್ಬಿತು. ಅದರಲ್ಲಿ ‘ಟಾಕ್ ಎಚ್’ ಎಂಬ ಕ್ರೈಸ್ತ ಸೇವಾ ಚಳವಳಿಯ ಪಾಲು ದೊಡ್ಡದು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರ ಡಿಸೆಂಬರಿನಲ್ಲಿ, ಫಿಲಿಪ್ ಕ್ಲೇಟನ್ ಎಂಬ ಸೇನಾ ಪಾದ್ರಿ ಬೆಲ್ಜಿಯಮ್ಮಿನ ಪೋಪರಿಂಗೆಯಲ್ಲಿ ಸೈನಿಕರ ವಿಶ್ರಾಂತಿಗಾಗಿ ಟಾಲ್ಬಟ್ ಹೌಸ್ ತೆರೆದರು. ಸೇನೆಯ ಸಿಗ್ನಲ್ ಭಾಷೆಯಲ್ಲಿ ‘ಟಿ’ ಅಕ್ಷರವನ್ನು ‘ಟಾಕ್’ ಎನ್ನುತ್ತಿದ್ದರು, ಹಾಗಾಗಿ ಆ ಹೆಸರು. 1950ರ ದಶಕದಲ್ಲಿ ಇದರ ಸದಸ್ಯರು ಫುಟ್‌ಬಾಲ್ ಮೈದಾನದಲ್ಲಿ ಮೈಕ್ ಹಿಡಿದು ಕೂತು, ಟೆಲಿಫೋನ್ ತಂತಿಯ ಮೂಲಕ ಆಟದ ವಿವರಣೆಯನ್ನು ವಾರ್ಡುಗಳಿಗೆ ಕಳುಹಿಸುತ್ತಿದ್ದರು.

ಅಷ್ಟು ದೂರ ಬಂದರೂ ಧ್ವನಿ ಕೆಡದಂತೆ ಕಾಯುವ ಉಪಾಯ ಸರಳವಾದದ್ದು. ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ಗುಯ್‌ಗುಟ್ಟುವ ಸದ್ದು ಎರಡಕ್ಕೂ ಒಂದೇ ರೀತಿ ಸೇರುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಸದ್ದು ಹೋಗಿ ಮಾತು ಉಳಿಯುತ್ತದೆ. ನಮ್ಮ ಚರ್ಚಿನ ಮೈಕ್ ಕೇಬಲ್ಲಿನಲ್ಲಿ ಮೂರು ಪಿನ್ ಇರುವುದೂ ಇದೇ ಕಾರಣಕ್ಕೆ: ಎರಡು ಸಿಗ್ನಲ್‌ಗೆ, ಒಂದು ನೆಲಕ್ಕೆ.

ಸ್ಟುಡಿಯೋ ಎಂದರೆ ಆಸ್ಪತ್ರೆಯವರಿಗೆ ಬೇಡವಾದ ಕೋಣೆ. ನೆಲಮಾಳಿಗೆಯೋ, ಹಳೆಯ ಉಗ್ರಾಣವೋ ಆದರೂ ಸರಿ. ಹಣ ಕಡಿಮೆ ಇದ್ದಾಗ ಗೋಡೆಗೆ ಮೊಟ್ಟೆ ಟ್ರೇ ಅಂಟಿಸುತ್ತಿದ್ದರು. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನು ಕೊಂಚ ಮುರಿಯಬಹುದು, ಆದರೆ ಹೊರಗಿನ ಟ್ರಾಲಿಯ ಸದ್ದನ್ನು ತಡೆಯುವುದಿಲ್ಲ. ಸದ್ದು ತಡೆಯಲು ತೂಕದ ಗೋಡೆಯೇ ಬೇಕು.

ಒಳಗೆ ಒಂದು ಮಿಕ್ಸರ್, ಎರಡು ಟರ್ನ್‌ಟೇಬಲ್. 1965ರಲ್ಲಿ ಬಂದ ಗ್ಯಾರಾರ್ಡ್ 401ರಂಥ ಭಾರದ ಯಂತ್ರಗಳು ಅನೇಕ ಕಡೆ ವರ್ಷಗಟ್ಟಲೆ ದುಡಿದವು. ಹಾಡು ಸರಿಯಾದ ಕ್ಷಣಕ್ಕೆ ಶುರುವಾಗಲು ಕೆಳಗಿನ ತಟ್ಟೆ ತಿರುಗುತ್ತಿರುವಾಗಲೇ ರೆಕಾರ್ಡನ್ನು ಬೆರಳಿನಿಂದ ಹಿಡಿದಿಟ್ಟು, ಮಾತು ಮುಗಿದ ಕೂಡಲೇ ಬಿಡಬೇಕಿತ್ತು. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಿದರೆ ಅದೇ ಎಡಿಟಿಂಗ್. ಸಣ್ಣ ಜಿಂಗಲ್‌ಗಳಿಗೆ ‘ಕಾರ್ಟ್’ ಎಂಬ ಡಬ್ಬಿ. ಅದರೊಳಗಿನ ಟೇಪಿಗೆ ಕೊನೆಯೇ ಇಲ್ಲ, ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬಂದು ತಾನೇ ನಿಲ್ಲುತ್ತಿತ್ತು. 1992ರಲ್ಲಿ ಸೋನಿಯ ಮಿನಿಡಿಸ್ಕ್ ಬಂತು, ಆಮೇಲೆ ಕಂಪ್ಯೂಟರ್. ಈಗ ಇಡೀ ರಾತ್ರಿಯ ಹಾಡುಗಳನ್ನು ಯಾರೂ ಇಲ್ಲದೆಯೂ ನುಡಿಸಬಹುದು.

ಆದರೆ ಒಂದು ಕೆಲಸವನ್ನು ಮಾತ್ರ ಯಾವ ಯಂತ್ರವೂ ವಹಿಸಿಕೊಳ್ಳಲಿಲ್ಲ. ಕಾರ್ಯಕ್ರಮಕ್ಕೆ ಮೊದಲು ಸ್ವಯಂಸೇವಕರು ಕಾಗದ ಪೆನ್ನು ಹಿಡಿದು ವಾರ್ಡಿಗೆ ಹೋಗುತ್ತಿದ್ದರು. "ಯಾವ ಹಾಡು ಬೇಕು? ಯಾರಿಗಾಗಿ?" ಎಂದು ಹಾಸಿಗೆ ಹಾಸಿಗೆಗೂ ಕೇಳಿ ಬರೆದುಕೊಳ್ಳುತ್ತಿದ್ದರು. ಮಂಗಳೂರು ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ನಮ್ಮೂರಿನ ಹೆಸರು ಕೇಳಿ ಮನೆಯವರೆಲ್ಲ ಖುಷಿಪಟ್ಟ ದಿನಗಳು ಹಿರಿಯರಿಗೆ ಗೊತ್ತು. ಅಲ್ಲಿ ಹೆಸರು ಕಾರ್ಡಿನಲ್ಲಿ ಹೋಗುತ್ತಿತ್ತು. ಇಲ್ಲಿ ಕೇಳಲು ಒಬ್ಬ ಮನುಷ್ಯ ಹಾಸಿಗೆಯ ತನಕ ಬರುತ್ತಿದ್ದ. ಆ ದಿನ ಭೇಟಿಗೆ ಯಾರೂ ಬಾರದ ರೋಗಿಯ ಬಳಿಗೂ ಬರುತ್ತಿದ್ದ.

1979ರಲ್ಲಿ ಕಾರ್‌ಶಾಲ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಶುರುವಾದ ರೇಡಿಯೋ ಲಾಲಿಪಾಪ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಲ್ಲಿ ಕೆಲವರು ಮೈಕ್ ಮುಂದೆ ಇದ್ದರೆ ಉಳಿದವರು ವಾರ್ಡಿನಲ್ಲಿ ಮಕ್ಕಳ ಜೊತೆ ಆಟಕ್ಕೆ ಕೂರುತ್ತಾರೆ.

ಇಂದು ರೋಗಿಯ ಕೈಯಲ್ಲೇ ಮೊಬೈಲ್ ಇದೆ, ಜಗತ್ತಿನ ಎಲ್ಲ ಹಾಡೂ ಅದರಲ್ಲಿದೆ. ಆದರೂ ಬ್ರಿಟನ್ನಿನಲ್ಲಿ ಆಸ್ಪತ್ರೆ ರೇಡಿಯೋಗಳು ಉಳಿದಿವೆ. ಹಾಡಿಗಾಗಿ ಅವುಗಳ ಅಗತ್ಯ ಕಡಿಮೆಯಾಗಿರಬಹುದು. ಬಂದು ಕೇಳುವ ಮನುಷ್ಯನ ಅಗತ್ಯ ಕಡಿಮೆಯಾಗಿಲ್ಲ ಎಂದು ನನಗೆ ಅನಿಸುತ್ತದೆ.

ಹೊಸ ಮಿಕ್ಸರ್ ಕೊಳ್ಳಲು ನಾವು ಹಣ ಕೂಡಿಸುತ್ತಿದ್ದೇವೆ. ಅದು ಚರ್ಚಿಗೆ ಬೇಕು, ಕೊಳ್ಳೋಣ. ಆದರೆ ಈ ಸಲ ಆಸ್ಪತ್ರೆಗೆ ಅದನ್ನು ಒಯ್ಯುವುದು ಬೇಡ. ಅಲ್ಲಿಯವರ ಅನುಮತಿ ಪಡೆದು, ಹಾಡುವ ಮೊದಲು ಇಬ್ಬಿಬ್ಬರಾಗಿ ಒಂದು ನೋಟ್‌ಬುಕ್ ಹಿಡಿದು ಹಾಸಿಗೆಗಳ ಬಳಿ ಹೋಗೋಣ. "ಇವತ್ತು ಹಾಡು ಬೇಡ" ಎಂದವರ ಮಾತನ್ನೂ ಬರೆದುಕೊಳ್ಳೋಣ. ಕಳೆದ ವರ್ಷ ಆ ಅಜ್ಜನಿಗೆ ಯಾವ ಹಾಡು ಇಷ್ಟ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.