ಶಾಲೆ ಬಿಟ್ಟ ಮೇಲಿನ ಓದು: ವಾಚನಾಲಯಗಳು ಕಟ್ಟಿದ ಚರಿತ್ರೆ

ಮಕ್ಕಳು ಓದುವುದಿಲ್ಲ ಎಂಬುದು ಇಂದು ಎಲ್ಲ ಮನೆಗಳ ದೂರು. ನಾವು ಮೊಬೈಲನ್ನು ದೂರುತ್ತೇವೆ, ಟಿ.ವಿ.ಯನ್ನು ದೂರುತ್ತೇವೆ, ಕೊನೆಗೆ ಶಾಲೆಯನ್ನೂ ದೂರುತ್ತೇವೆ. ಆದರೆ ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ, ರಾತ್ರಿ ನಿದ್ದೆ ಹತ್ತುವವರೆಗಿನ ನಾಲ್ಕೈದು ತಾಸುಗಳಲ್ಲಿ, ಮಗುವಿನ ಕೈಗೆ ಪಠ್ಯವಲ್ಲದ ಒಂದು ಪುಸ್ತಕ ಸಿಗುವ ಜಾಗ ನಮ್ಮ ಊರಿನಲ್ಲಿ ಇದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ.

ಶಾಲೆ ಅಕ್ಷರ ಕಲಿಸುತ್ತದೆ, ಪರೀಕ್ಷೆಗಾಗಿ ಓದಿಸುತ್ತದೆ. ಓದಿನ ಮೇಲೆ ಪ್ರೀತಿ ಹುಟ್ಟುವುದು ಮಾತ್ರ ಬಹುತೇಕ ಶಾಲೆಯ ಹೊರಗೆ. ಆ ಪ್ರೀತಿಯನ್ನು ಬೆಳೆಸಿದ ಸಮಾಜಗಳ ಚರಿತ್ರೆಯನ್ನು ಗಮನಿಸಿದರೆ, ಊರಿನ ಜನ ತಾವಾಗಿಯೇ ಮುಂದೆ ಬಂದು ಒಂದು ಜಾಗ, ಒಂದಷ್ಟು ಪುಸ್ತಕ ಮತ್ತು ಸಂಜೆಯ ಹೊತ್ತನ್ನು ಮಕ್ಕಳಿಗಾಗಿ ಮೀಸಲಿಟ್ಟದ್ದು ಕಾಣುತ್ತದೆ. ಇದಕ್ಕೆ ದೂರದ ದೇಶಗಳ ಉದಾಹರಣೆ ಬೇಕಾಗಿಲ್ಲ. ನಮ್ಮ ಪರಂಪರೆಯಲ್ಲಿಯೂ ನಮ್ಮ ನೆರೆಯಲ್ಲಿಯೂ ಅದು ಇದೆ.

ಮಸೀದಿಯ ಅಂಗಳದಿಂದ

ಪವಿತ್ರ ಕುರ್‌ಆನಿನ ಅವತೀರ್ಣ ಆರಂಭವಾದದ್ದೇ ಓದಿನ ಆಜ್ಞೆಯಿಂದ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆ ಆಜ್ಞೆಯನ್ನು ಕೇಳಿದ ಸಮಾಜ ಮುಂದೆ ಏನು ಮಾಡಿತು ಎಂಬುದರ ಬಗ್ಗೆ ಚರ್ಚೆ ಅಷ್ಟಾಗಿ ನಡೆಯುವುದಿಲ್ಲ. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಮಕ್ಕಾದ ಅನೇಕರು ಸೆರೆಸಿಕ್ಕರು. ಬಿಡುಗಡೆಯ ಹಣ ಕೊಡಲಾಗದ, ಆದರೆ ಓದು ಬರಹ ಬಲ್ಲ ಕೈದಿಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಬಿಡುಗಡೆಯ ಮೊತ್ತ ಎಂದು ಪ್ರವಾದಿ(ಸ)ಯವರು ತೀರ್ಮಾನಿಸಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಹಾಗೆ ಕಲಿತವರಲ್ಲಿ ಝೈದ್ ಬಿನ್ ಸಾಬಿತ್ ಎಂಬ ಅನ್ಸಾರಿ ಬಾಲಕನೂ ಇದ್ದನೆಂದು ಹೇಳಲಾಗಿದೆ. ಮುಂದೆ ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಹೊಣೆ ಹೊತ್ತವರು ಇದೇ ಝೈದ್(ರ). ನಿನ್ನೆಯವರೆಗೆ ಶತ್ರುವಾಗಿದ್ದವನನ್ನೂ ಮಕ್ಕಳ ಮೇಷ್ಟ್ರನ್ನಾಗಿ ಕೂರಿಸುವಷ್ಟು ಓದಿಗೆ ಬೆಲೆ ಇತ್ತು.

ಮಸೀದಿಗಳು ನಮಾಝಿನ ಹೊತ್ತಿನ ನಂತರವೂ ತೆರೆದಿದ್ದವು. ಅಲ್ಲಿ ಪಾಠ ನಡೆಯುತ್ತಿತ್ತು, ಪುಸ್ತಕಗಳು ವಕ್ಫ್ ಆಗಿ ಬರುತ್ತಿದ್ದವು. 1005ರಲ್ಲಿ ಕೈರೋದಲ್ಲಿ ಫಾತಿಮೀ ಖಲೀಫ ಅಲ್‌ಹಾಕಿಂ ಸ್ಥಾಪಿಸಿದ ದಾರುಲ್ ಇಲ್ಮ್‌ಗೆ ಸಾಮಾನ್ಯ ಜನರಿಗೂ ಪ್ರವೇಶವಿತ್ತು. ಬರೆದುಕೊಳ್ಳಲು ಬಂದವರಿಗೆ ಶಾಯಿ, ಲೇಖನಿ, ಕಾಗದವನ್ನು ಅಲ್ಲಿ ಉಚಿತವಾಗಿ ಕೊಡುತ್ತಿದ್ದರು. ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕಾಪಾಡುವ ಉಗ್ರಾಣವಲ್ಲ, ಬಂದವರನ್ನು ಕೂರಿಸಿಕೊಂಡು ಓದಿಸುವ ಮನೆ ಎಂಬ ತಿಳಿವಳಿಕೆ ಸಾವಿರ ವರ್ಷಗಳ ಹಿಂದೆಯೇ ಇತ್ತು ಎಂಬುದಕ್ಕೆ ಇಷ್ಟು ಸಾಕು.

ನೀಲಂಪೇರೂರಿನ ಮೇಷ್ಟ್ರು

ಆಧುನಿಕ ಭಾರತದಲ್ಲಿ ಈ ತಿಳಿವಳಿಕೆಯನ್ನು ಹಳ್ಳಿ ಹಳ್ಳಿಗೆ ಕೊಂಡೊಯ್ದದ್ದು ಕೇರಳದ ಗ್ರಂಥಾಲಯ ಚಳವಳಿ. ಅದರ ಹಿಂದೆ ನಿಂತವರು ರಾಜರೂ ಅಲ್ಲ, ಶ್ರೀಮಂತರೂ ಅಲ್ಲ. ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮೇಷ್ಟ್ರು. 1909ರಲ್ಲಿ ನೀಲಂಪೇರೂರಿನಲ್ಲಿ ಹುಟ್ಟಿದ ಪಣಿಕ್ಕರ್ 1926ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ತಮ್ಮ ಊರಿನಲ್ಲಿ ಒಂದು ಗ್ರಂಥಾಲಯ ತೆರೆದರು. ಗೆಳೆಯರೊಂದಿಗೆ ಮನೆ ಮನೆಗೆ ಹೋಗಿ ಪುಸ್ತಕ ಕೇಳಿ ತಂದದ್ದೇ ಅದರ ಬಂಡವಾಳ.

ಅಂಥ ವಾಚನಾಲಯಗಳು ಆಗ ತಿರುವಾಂಕೂರಿನ ಬೇರೆ ಊರುಗಳಲ್ಲಿಯೂ ಹುಟ್ಟಿಕೊಂಡಿದ್ದವು. ಆದರೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಉತ್ಸಾಹಿಗಳು ಇರುವಷ್ಟು ದಿನ ನಡೆದು, ಅವರು ಊರು ಬಿಟ್ಟರೆ ಮುಚ್ಚಿಹೋಗುತ್ತಿದ್ದವು. 1945ರ ಸೆಪ್ಟೆಂಬರಿನಲ್ಲಿ ಪಣಿಕ್ಕರ್ ಅಂಬಲಪ್ಪುಳದಲ್ಲಿ ಒಂದು ಸಭೆ ಕರೆದರು. 47 ಗ್ರಾಮೀಣ ಗ್ರಂಥಾಲಯಗಳು ಅದರಲ್ಲಿ ಸೇರಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದವು. 1956ರಲ್ಲಿ ಕೇರಳ ರಾಜ್ಯ ರಚನೆಯಾದ ಮೇಲೆ ಅದು ಕೇರಳ ಗ್ರಂಥಶಾಲಾ ಸಂಘವಾಗಿ ರಾಜ್ಯವಿಡೀ ಹಬ್ಬಿತು. ಓದಿ ಬೆಳೆಯಿರಿ ಎಂಬ ಅರ್ಥದ ಅದರ ಘೋಷಣೆ ಮಕ್ಕಳ ಬಾಯಿಗೂ ಬಂತು. 1975ರಲ್ಲಿ ಯುನೆಸ್ಕೋದ ಕ್ರುಪ್ಸ್ಕಾಯಾ ಪ್ರಶಸ್ತಿ ಈ ಸಂಘಕ್ಕೆ ದೊರೆಯಿತು. ಪಣಿಕ್ಕರ್ ನಿಧನರಾದದ್ದು 1995ರ ಜೂನ್ 19ರಂದು. ಮರುವರ್ಷದಿಂದ ಆ ದಿನವನ್ನು ಕೇರಳದ ಶಾಲೆಗಳು ವಾಚನ ದಿನವಾಗಿ ಆಚರಿಸುತ್ತಿವೆ.

ಈ ಚಳವಳಿಯ ಯಶಸ್ಸಿನ ಗುಟ್ಟು ಅದರ ರಚನೆಯಲ್ಲಿದೆ. ವಾಚನಾಲಯ ಊರಿನವರದ್ದು. ಜಾಗ ಅವರದ್ದು, ಸಮಿತಿ ಅವರದ್ದು. ಸರ್ಕಾರ ಅನುದಾನ ಕೊಡುತ್ತದೆ. ಯಾವ ಗ್ರಂಥಾಲಯ ಎಷ್ಟು ಚಟುವಟಿಕೆಯಿಂದ ಇದೆ ಎಂಬುದನ್ನು ನೋಡಿ ಅದಕ್ಕೆ ದರ್ಜೆ, ಆ ದರ್ಜೆಗೆ ತಕ್ಕಂತೆ ಅನುದಾನ. 1977ರಲ್ಲಿ ಸರ್ಕಾರ ಸಂಘದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಾಗ ಪಣಿಕ್ಕರ್ ಹೊರಗೆ ಉಳಿಯಬೇಕಾಯಿತು. ಸುಮ್ಮನೆ ಕೂರದ ಅವರು ಅನೌಪಚಾರಿಕ ಶಿಕ್ಷಣಕ್ಕಾಗಿ ಇನ್ನೊಂದು ಸಂಸ್ಥೆ ಕಟ್ಟಿದರು. ಮುಂದೆ 1989ರ ಕಾಯ್ದೆಯ ಮೂಲಕ ಗ್ರಂಥಾಲಯಗಳೇ ತಮ್ಮ ಪ್ರತಿನಿಧಿಗಳನ್ನು ಚುನಾಯಿಸುವ ಗ್ರಂಥಾಲಯ ಪರಿಷತ್ತು ರೂಪುಗೊಂಡಿತು. 47ರಿಂದ ಆರಂಭವಾದ ಈ ಕೂಟದಲ್ಲಿ ಇಂದು 8 ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ.

ಸಂಜೆಯ ಹೊತ್ತು ಮಕ್ಕಳಿಗೆ

ಈ ವಾಚನಾಲಯಗಳಲ್ಲಿ ಬಾಲವೇದಿ ಎಂಬ ಮಕ್ಕಳ ವಿಭಾಗವಿರುತ್ತದೆ. ಶಾಲೆ ಬಿಟ್ಟ ಮೇಲೆ, ರಜೆಯ ದಿನಗಳಲ್ಲಿ ಮಕ್ಕಳು ಅಲ್ಲಿ ಸೇರುತ್ತಾರೆ. ಕತೆ ಓದುತ್ತಾರೆ, ಓದಿದ್ದನ್ನು ಹೇಳುತ್ತಾರೆ. ಗ್ರಂಥಾಲಯ ಪರಿಷತ್ತು ನಡೆಸುವ ಓದಿನ ಸ್ಪರ್ಧೆಗಾಗಿ ಹೈಸ್ಕೂಲಿನ ಮಕ್ಕಳು ಪಠ್ಯದಾಚೆಯ ಪುಸ್ತಕಗಳನ್ನು ಹುಡುಕಿ ಓದುತ್ತಾರೆ. 1962ರಲ್ಲಿ ಆರಂಭವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1970ರಲ್ಲಿ ಹೊರತಂದ ಯುರೇಕಾ ಎಂಬ ಮಕ್ಕಳ ಪತ್ರಿಕೆಗೂ ಈ ವಾತಾವರಣದಲ್ಲಿ ಓದುಗರು ಸಿಕ್ಕರು.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಮಕ್ಕಳು ದೊಡ್ಡವರು ಓದುವುದನ್ನು ಕಣ್ಣಾರೆ ಕಾಣುತ್ತಿದ್ದರು. ಮಲಬಾರಿನಲ್ಲಿ 1937ರಷ್ಟು ಹಿಂದೆಯೇ ವಾಚನಾಲಯಗಳ ಸಂಘ ಕಟ್ಟಲಾಗಿತ್ತು. ಕಣ್ಣೂರಿನ ಕಡೆ ಬೀಡಿ ಕಟ್ಟುವ ಜಾಗಗಳಲ್ಲಿ ಒಬ್ಬ ಕಾರ್ಮಿಕ ಗಟ್ಟಿಯಾಗಿ ಪತ್ರಿಕೆ, ಪುಸ್ತಕ ಓದುತ್ತಿದ್ದ. ಉಳಿದವರು ಕೈಯಲ್ಲಿ ಬೀಡಿ ಸುತ್ತುತ್ತಾ ಕೇಳುತ್ತಿದ್ದರು. ಓದಿದವನ ಆ ಹೊತ್ತಿನ ಕೂಲಿ ಹೋಗದಂತೆ ಎಲ್ಲರೂ ತಮ್ಮ ಪಾಲಿನ ಒಂದಷ್ಟು ಬೀಡಿ ಅವನಿಗೆ ಕೊಡುತ್ತಿದ್ದರು. ದಿನಗೂಲಿಯವನು ತನ್ನ ಸಂಪಾದನೆಯ ಪಾಲು ಕೊಟ್ಟು ಓದನ್ನು ಕೊಂಡುಕೊಂಡ ಆ ಊರಿನ ಮಗುವಿಗೆ ಓದಬೇಕೆಂದು ಬೇರೆ ಉಪದೇಶ ಬೇಕಾಗಿರಲಿಲ್ಲ.

ಸಮುದಾಯದೊಳಗಿನ ಕದನ

ಕೇರಳದ ಮುಸ್ಲಿಂ ಸಮಾಜ ಈ ಚಳವಳಿಗೆ ಸುಲಭವಾಗಿ ಒಗ್ಗಿಕೊಳ್ಳಲಿಲ್ಲ. ಮಲಯಾಳಂ ಕಲಿಯುವುದೇ ತಪ್ಪು ಎನ್ನುವವರು, ಹೆಣ್ಣುಮಕ್ಕಳಿಗೆ ಬರವಣಿಗೆ ಕಲಿಸಬಾರದು ಎನ್ನುವವರು ಅಲ್ಲಿದ್ದರು. ಅವರನ್ನು ಎದುರಿಸಿದವರಲ್ಲಿ ವಕ್ಕಂ ಅಬ್ದುಲ್ ಖಾದರ್ ಮೌಲವಿ (1873-1932) ಪ್ರಮುಖರು. ಸ್ವಂತ ಹಣದಿಂದ 1905ರಲ್ಲಿ ಸ್ವದೇಶಾಭಿಮಾನಿ ಪತ್ರಿಕೆ ಆರಂಭಿಸಿದ ಮೌಲವಿ, ಅದನ್ನು ರಾಮಕೃಷ್ಣ ಪಿಳ್ಳೆಯವರ ಸಂಪಾದಕತ್ವಕ್ಕೆ ಒಪ್ಪಿಸಿದರು. 1910ರಲ್ಲಿ ತಿರುವಾಂಕೂರು ಸರ್ಕಾರ ಮುದ್ರಣಾಲಯವನ್ನೇ ಮುಟ್ಟುಗೋಲು ಹಾಕಿಕೊಂಡಿತು. ಆಸ್ತಿ ಹೋದರೂ ಅವರು ಧೃತಿಗೆಡಲಿಲ್ಲ. ಮುಸ್ಲಿಮರು ಮಲಯಾಳಂ ಓದಬೇಕು, ಹೆಣ್ಣುಮಕ್ಕಳು ಕಲಿಯಬೇಕು ಎಂದು ಹೇಳುತ್ತಲೇ ಹೋದರು.

ಆ ಬದಲಾವಣೆಯ ಚಿತ್ರ ವೈಕಂ ಮುಹಮ್ಮದ್ ಬಷೀರರು 1951ರಲ್ಲಿ ಪ್ರಕಟಿಸಿದ, ಅಜ್ಜನ ಆನೆಯ ಹೆಮ್ಮೆಯನ್ನು ಹೆಸರಿನಲ್ಲೇ ಇಟ್ಟುಕೊಂಡ ಕಾದಂಬರಿಯಲ್ಲಿದೆ. ಆನೆಯ ಹಿರಿಮೆ ಬಿಟ್ಟರೆ ಬೇರೇನೂ ಉಳಿಯದ ಮನೆಯ ಹುಡುಗಿ ಕುಂಞಿಪಾತುಮ್ಮಳಿಗೆ ಓದು ಬರಹ ಕಲಿಸುವವಳು ನೆರೆಮನೆಯ ಆಯಿಷಾ. ಅಲ್ಲಿ ಶಾಲೆಯಿಲ್ಲ, ಮೇಷ್ಟ್ರಿಲ್ಲ. ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಗೆ ಕಲಿಸುತ್ತಾಳೆ. ನಲವತ್ತು ವರ್ಷಗಳ ಬಳಿಕ, 1991ರ ಏಪ್ರಿಲ್ 18ರಂದು, ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಕೇರಳ ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಿದವರು ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಎಂಬ ನವಸಾಕ್ಷರೆ. ಕಾದಂಬರಿಯ ಆಯಿಷಾಳಿಗೂ ಇವರಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಆದರೆ ನಡುವಿನ ನಲವತ್ತು ವರ್ಷಗಳ ಕೆಲಸವನ್ನು ಅಳೆಯಲು ಈ ಎರಡು ಹೆಸರುಗಳು ಸಾಕು.

ಚಂದ್ರಗಿರಿಯ ಬದಿಯಲ್ಲಿ

ಇದೆಲ್ಲ ಮಲಯಾಳಿಗಳ ಕತೆ ಎಂದು ನಾವು ಬದಿಗಿಡುವಂತಿಲ್ಲ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. 1936ರಲ್ಲಿ ಅಲ್ಲಿ ಹುಟ್ಟಿ ಕನ್ನಡದಲ್ಲಿ ಕಲಿತ ಸಾರಾ ಅಬೂಬಕ್ಕರ್, ಆ ಭಾಗದ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಒಬ್ಬರು. ಮುಂದೆ ಓದುವ ಆಸೆಗೆ ಸಮುದಾಯದ ಕಟ್ಟುಪಾಡು ಅಡ್ಡ ಬಂತು. ತಮಗೆ ಒಂದು ಗ್ರಂಥಾಲಯದ ಸದಸ್ಯತ್ವ ದೊರೆತದ್ದು 1963ರಲ್ಲಿ ಎಂದು ಅವರು ಹೇಳಿಕೊಂಡಿದ್ದರು. ಆಗ ಅವರ ವಯಸ್ಸು ಇಪ್ಪತ್ತೇಳರ ಆಸುಪಾಸು. 1980ರ ದಶಕದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಚಂದ್ರಗಿರಿಯ ತೀರದಲ್ಲಿ ಕಾದಂಬರಿಯ ಮೂಲಕ ಕನ್ನಡ ನಾಡು ಅವರನ್ನು ಗುರುತಿಸಿತು. 2023ರ ಜನವರಿಯಲ್ಲಿ ಅವರು ನಮ್ಮನ್ನು ಅಗಲಿದರು.

ಆ ಸದಸ್ಯತ್ವದ ಚೀಟಿ ಅವರ ಕೈಗೆ ಬರದೇ ಹೋಗಿದ್ದರೆ ಕನ್ನಡ ಸಾಹಿತ್ಯ ಏನನ್ನು ಕಳೆದುಕೊಳ್ಳುತ್ತಿತ್ತು ಎಂದು ಊಹಿಸುವುದು ಸುಲಭ. ಚೀಟಿ ಸಿಗದೇ ಹೋದ ಎಷ್ಟು ಹೆಣ್ಣುಮಕ್ಕಳು ಅದೇ ಊರುಗಳಲ್ಲಿ ಇದ್ದರು ಎಂದು ಊಹಿಸುವುದು ಕಷ್ಟ. ಅವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಇಲ್ಲ.

ನಮ್ಮ ನಾಡಿನ ಪ್ರಯತ್ನಗಳು

ಕನ್ನಡ ನಾಡಿನಲ್ಲಿ ಈ ದಿಕ್ಕಿನ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಸರಸ್ವತಿ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿದರು, ಮಕ್ಕಳಿಗಾಗಿ ಬಾಲಪ್ರಪಂಚದ ಸಂಪುಟಗಳನ್ನು ಬರೆದರು. ಪುಸ್ತಕ ಇರುವುದು ಬೀಗ ಹಾಕಿಡಲಿಕ್ಕಲ್ಲ, ಬಳಸಲಿಕ್ಕೆ ಎಂದು ಸಾರಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರ ವಿಚಾರಗಳಿಂದ ಪ್ರೇರಣೆ ಪಡೆದು 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವೊಂದು ಹಳ್ಳಿ ಹಳ್ಳಿ ಸುತ್ತಿತ್ತು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ನಾವೆಲ್ಲರೂ ಕಟ್ಟುತ್ತೇವೆ. ಸಂಗ್ರಹವಾದ ಆ ಕರ ಗ್ರಂಥಾಲಯಗಳಿಗೆ ಪೂರ್ತಿಯಾಗಿ ತಲುಪುವುದಿಲ್ಲ ಎಂಬ ದೂರು ಮಾತ್ರ ಹಳೆಯದು.

ಹಳ್ಳಿಯ ಗ್ರಂಥಾಲಯಗಳಿಗೆ ಇತ್ತೀಚೆಗೆ ಸ್ವಲ್ಪ ಜೀವ ಬಂದಿದೆ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಗ್ರಂಥಾಲಯ ತೆರೆದಿರುವ ಅವಧಿಯನ್ನೂ ಹೆಚ್ಚಿಸಲಾಯಿತು. ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ಮಾತ್ರ ಬಾಗಿಲು ತೆರೆಯುವ ಗ್ರಂಥಾಲಯದಿಂದ ಮಕ್ಕಳಿಗೇನು ಪ್ರಯೋಜನ ಎಂಬ ಸಾಮಾನ್ಯ ಪ್ರಶ್ನೆಗೆ ಇದೊಂದು ಉತ್ತರ. ಲಕ್ಷಾಂತರ ಮಕ್ಕಳು ಸದಸ್ಯರಾದರು.

ಸರ್ಕಾರವನ್ನು ಕಾಯದೆ ಕೆಲಸ ಮಾಡಿದವರೂ ಇದ್ದಾರೆ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ದಿನಗೂಲಿ ಕಾರ್ಮಿಕರು 2011ರಲ್ಲಿ ಒಂದು ಉಚಿತ ಗ್ರಂಥಾಲಯ ತೆರೆದರು. ತಮಗೆ ಸಿಗದ ಓದು ಇತರರಿಗೆ ಸಿಗಲಿ, ಜನ ಕನ್ನಡ ಓದಲಿ ಎಂಬುದು ಅವರ ಆಸೆ. ಹತ್ತು ವರ್ಷಗಳಲ್ಲಿ ಅಲ್ಲಿ ಸುಮಾರು 11 ಸಾವಿರ ಪುಸ್ತಕಗಳು ಸೇರಿದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಒಂದೇ ಸೂರಿನಡಿ ಇದ್ದವು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದೆಲ್ಲವೂ ಬೆಂಕಿಗೆ ಆಹುತಿಯಾಯಿತು. ಸುದ್ದಿ ತಿಳಿದ ಕೂಡಲೇ ಜಾತಿ ಧರ್ಮ ನೋಡದೆ ಜನ ಪುಸ್ತಕ ಕಳುಹಿಸಿದರು, ಹಣ ಕೂಡಿಸಿದರು. ಒಬ್ಬ ಕಾರ್ಮಿಕ ಕಟ್ಟಿದ ವಾಚನಾಲಯ ಎಷ್ಟು ಜನರ ಆಸ್ತಿಯಾಗಿತ್ತು ಎಂಬುದನ್ನು ಆ ಬೂದಿ ತೋರಿಸಿಕೊಟ್ಟಿತು.

ಜಮಾಅತ್‌ಗಳ ಮುಂದಿರುವ ಕೆಲಸ

ನಮ್ಮ ಕರಾವಳಿಯ ಮುಸ್ಲಿಂ ಮಗು ಮನೆಯಲ್ಲಿ ಬ್ಯಾರಿ ಮಾತನಾಡುತ್ತದೆ, ಬೇರೆ ಕಡೆಗಳಲ್ಲಿ ಉರ್ದು. ಮದ್ರಸದಲ್ಲಿ ಅರಬಿ. ಕನ್ನಡ ಅದಕ್ಕೆ ಎದುರಾಗುವುದು ಪಠ್ಯಪುಸ್ತಕದಲ್ಲಿ, ಅಂಕಗಳ ಭಯದೊಂದಿಗೆ. ಹೀಗಿರುವಾಗ ನಾಡಿನ ಭಾಷೆಯನ್ನು ಅದು ತನ್ನದೆಂದು ಪ್ರೀತಿಸುವುದು ಹೇಗೆ? ಕತೆಯ ಪುಸ್ತಕವೇ ಅದಕ್ಕಿರುವ ಸೇತುವೆ. ಮಕ್ಕಳಿಗಾಗಿ ಗಾಂಧಿಯ ಕತೆ ಬರೆದು 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದವರು ನಮ್ಮ ಬೊಳುವಾರು ಮಹಮದ್ ಕುಂಞಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದವರು ಬಾನು ಮುಷ್ತಾಕ್, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ. ಅವರಿಗಾಗಿ ಸನ್ಮಾನ ಸಭೆಗಳನ್ನು ನಡೆಸಿದ್ದೇವೆ. ಅವರ ಪುಸ್ತಕ ನಮ್ಮ ಎಷ್ಟು ಮೊಹಲ್ಲಾಗಳ ಮಕ್ಕಳ ಕೈಗೆ ಸಿಗುತ್ತದೆ?

ಮಸೀದಿ ಇರುವಲ್ಲಿ ಸಾಮಾನ್ಯವಾಗಿ ಒಂದು ಮದ್ರಸ ಕಟ್ಟಡವಿರುತ್ತದೆ. ಪಾಠ ಮುಗಿದ ಮೇಲೆ ಅದಕ್ಕೆ ಬೀಗ ಬೀಳುತ್ತದೆ. ಅಸರ್ ನಂತರದಿಂದ ಇಶಾದವರೆಗೆ ಅದರ ಒಂದು ಕೋಣೆ ತೆರೆದಿಡಲು ದೊಡ್ಡ ಖರ್ಚೇನೂ ಇಲ್ಲ. ಎರಡು ಕಪಾಟು, ಒಂದು ಚಾಪೆ, ನಾಲ್ಕು ಪತ್ರಿಕೆ, ಕತೆ ಹೇಳಬಲ್ಲ ಒಬ್ಬ ಕಾಲೇಜು ವಿದ್ಯಾರ್ಥಿ ಇದ್ದರೆ ಆರಂಭಕ್ಕೆ ಸಾಕು. ಮನೆ ಮನೆಯಿಂದ ಪುಸ್ತಕ ಕೇಳಿ ತರುವುದನ್ನು ನೀಲಂಪೇರೂರಿನ ಹುಡುಗರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನೆರೆಯ ಹಿಂದೂ, ಕ್ರೈಸ್ತ ಮಕ್ಕಳೂ ಬಂದು ಕೂರಬೇಕು. ಜೊತೆಯಲ್ಲಿ ಓದಿ ಬೆಳೆದವರ ನಡುವೆ ಸಂಶಯದ ಬೀಜ ಬಿತ್ತುವುದು ಅಷ್ಟು ಸುಲಭವಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಆಮೇಲೆ ನೋಡೋಣ ಎಂದು ಮುಂದೂಡುವಂತಿಲ್ಲ. ಗಂಡುಮಕ್ಕಳಿಗೆ ಸಂಜೆಯ ಹೊತ್ತು ಅಂಗಡಿ ಕಟ್ಟೆಯಾದರೂ ಇದೆ, ಮೈದಾನವಾದರೂ ಇದೆ. ಹುಡುಗಿಯರಿಗೆ ಶಾಲೆ ಮುಗಿದರೆ ಮನೆ ಬಿಟ್ಟು ಬೇರೆ ಜಾಗವಿಲ್ಲ. ಸಂಜೆಯ ಆ ಕೋಣೆಯ ಬಾಗಿಲು ಅವರಿಗೂ ಮೊದಲ ದಿನದಿಂದಲೇ ತೆರೆದಿರಬೇಕು, ಸದಸ್ಯತ್ವದ ಚೀಟಿಯಲ್ಲಿ ಅವರ ಹೆಸರೂ ಇರಬೇಕು. ಒಂದು ಗ್ರಂಥಾಲಯದ ಚೀಟಿಗಾಗಿ ನಮ್ಮ ಇನ್ನೊಬ್ಬ ಮಗಳು ಇಪ್ಪತ್ತೇಳು ವರ್ಷ ಕಾಯುವಂತಾಗಬಾರದು.