ಕಾರ್ಕ್: ಮರದ ಲೆಕ್ಕ, ಮಾರುಕಟ್ಟೆಯ ಲೆಕ್ಕ

ಪ್ರಯೋಗಶಾಲೆಯಲ್ಲಿ ಫ್ಲಾಸ್ಕಿನ ಬಾಯಿಗೆ ಕಾರ್ಕ್ ಒತ್ತಿ ಬಿಗಿಮಾಡುವಾಗ ಅದು ಎಲ್ಲಿಂದ ಬಂತೆಂದು ಯೋಚಿಸಿದ್ದೀರಾ? ಅದು ಒಂದು ಮರದ ತೊಗಟೆ ಎಂಬುದು ನಿಮಗೆ ಗೊತ್ತಿರಬಹುದು. ಆದರೆ ಆ ತೊಗಟೆಯನ್ನು ಟನ್ನುಗಟ್ಟಲೆ ಕೊಳ್ಳಬೇಕಾದ ಉದ್ಯಮಿಯ ಪಾಡೇನು? ಅವನಿಗೆ ಹಣವೊಂದಿದ್ದರೆ ಸಾಲದು, ಕಾಲವೂ ಬೇಕು. ಹೇಗೆಂಬುದನ್ನು ನೋಡೋಣ.

ಕಾರ್ಕ್ ಓಕ್ ಮರದ ವೈಜ್ಞಾನಿಕ ಹೆಸರು ಕ್ವರ್ಕಸ್ ಸೂಬರ್. ಪೋರ್ಚುಗಲ್, ಸ್ಪೇನ್, ಮೊರಾಕೊ, ಅಲ್ಜೀರಿಯ ಮೊದಲಾದ ಪಶ್ಚಿಮ ಮೆಡಿಟರೇನಿಯನ್ ದೇಶಗಳು ಇದರ ತವರು. ಜಗತ್ತಿನ ಕಾರ್ಕಿನ ಸುಮಾರು ಅರ್ಧಭಾಗ ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಬಾರಿ ತೊಗಟೆ ಸುಲಿಯುತ್ತಾರೆ. ಆ ಕಾರ್ಕ್ ಒರಟು, ಬಿರುಕು ಬಿಟ್ಟದ್ದು. ಮತ್ತೆ ಕನಿಷ್ಠ 9 ವರ್ಷ ಕಾಯಬೇಕು. ಎರಡನೆಯ ಫಸಲೂ ಒಳ್ಳೆಯ ಬಿರಡೆಗೆ ಯೋಗ್ಯವಲ್ಲ. ಮೂರನೆಯ ಸಲ ಸುಲಿದದ್ದೇ ನಯವಾದ ಕಾರ್ಕ್. ಕೂಡಿಸಿ ನೋಡಿ: 25, 9, 9, ಒಟ್ಟು 43 ವರ್ಷ. ಒಳಗಿನ ಜೀವಂತ ಪದರಕ್ಕೆ ಪೆಟ್ಟಾಗದಂತೆ ನುರಿತ ಕೆಲಸಗಾರರು ಕೊಡಲಿಯಿಂದ ಸುಲಿಯುವುದರಿಂದ ಮರ ಸಾಯುವುದಿಲ್ಲ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ. ಮುಂದಿನ ಸರದಿಗೆ ಅದೇ ದಾಖಲೆ.

ಇಷ್ಟು ಕಾಯುವಷ್ಟು ಬೆಲೆ ಈ ತೊಗಟೆಗೆ ಏಕೆ? ಉತ್ತರದ ಮೊದಲ ಸುಳಿವು ಸಿಕ್ಕಿದ್ದು ರಾಬರ್ಟ್ ಹುಕ್‌ಗೆ. 1665ರಲ್ಲಿ ಪ್ರಕಟವಾದ 'ಮೈಕ್ರೊಗ್ರಾಫಿಯ'ದಲ್ಲಿ ಅವನು ಕಾರ್ಕಿನ ತೆಳುಹಾಳೆಯಲ್ಲಿ ಕಂಡ ಪುಟ್ಟ ಕೋಣೆಗಳನ್ನು 'ಸೆಲ್' ಎಂದು ಕರೆದ. ಒಂದು ಅಂಗುಲ ಉದ್ದಕ್ಕೆ 1,080 ಕೋಣೆಗಳೆಂದು ಲೆಕ್ಕ ಹಾಕಿ, ಒಂದು ಘನ ಅಂಗುಲದಲ್ಲಿ 125 ಕೋಟಿಗೂ ಹೆಚ್ಚು ಕೋಣೆಗಳಿವೆ ಎಂದ. 1,080ರ ಘನವನ್ನು ವಿದ್ಯಾರ್ಥಿಗಳೇ ಕಂಡುಹಿಡಿದು ಪರೀಕ್ಷಿಸಬಹುದು. ಗಾಳಿ ತುಂಬಿದ ಈ ಕೋಶಗಳಿಂದಾಗಿ ಕಾರ್ಕ್ ಹಗುರ, ಒತ್ತಿದರೆ ಕುಗ್ಗಿ ಮತ್ತೆ ಹಿಗ್ಗುತ್ತದೆ, ಶಾಖವನ್ನು ತಡೆಯುತ್ತದೆ. ಕೋಶಭಿತ್ತಿಯಲ್ಲಿರುವ ಸುಬೆರಿನ್ ಎಂಬ ಮೇಣದಂಥ ವಸ್ತು ನೀರನ್ನು ಒಳಗೆ ಬಿಡುವುದಿಲ್ಲ.

ಬೇಡಿಕೆ ವಿಪರೀತ ಏರಿದ್ದು ಕೈಗಾರಿಕಾ ಯುಗದಲ್ಲಿ. ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ 1892ರಲ್ಲಿ ಸೋಡಾ ಬಾಟಲಿಗಳ ಅಂಚು ಮಡಿಸಿದ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಆ ಮುಚ್ಚಳದ ಒಳಗೆ ಒಂದು ಕಾರ್ಕ್ ಬಿಲ್ಲೆ. ಕೋಟಿಗಟ್ಟಲೆ ಮುಚ್ಚಳಗಳೆಂದರೆ ಕೋಟಿಗಟ್ಟಲೆ ಬಿಲ್ಲೆಗಳು! ಮರಗಳಿಗೆ ಮಾತ್ರ ಅವಸರವಿಲ್ಲ. ಆಗ ಕೈಹಿಡಿದದ್ದು ಚೂರು ಕಾರ್ಕ್. ಹಲಗೆಯಿಂದ ಬಿರಡೆ ಕೊರೆದ ಮೇಲೆ ಉಳಿಯುವ ಚೂರುಗಳನ್ನು ಒತ್ತಿ ಕಾಯಿಸಿದರೆ ಅವು ತಮ್ಮದೇ ಅಂಟಿನಿಂದ ಒಂದಾಗುತ್ತವೆ ಎಂಬುದು 1890ರ ದಶಕದಲ್ಲಿ ಬಳಕೆಗೆ ಬಂತು. ಕಸವೆನಿಸಿದ್ದು ಶೀತಲಗೃಹದ ಗೋಡೆಗೆ ಹಲಗೆಯಾಯಿತು. ಬೇರೆ ಅಂಟು ಬೆರೆಸಿ ಯಂತ್ರಗಳ ಗ್ಯಾಸ್ಕೆಟ್, ಮುಚ್ಚಳದ ಬಿಲ್ಲೆಗಳನ್ನೂ ಮಾಡಿದರು.

ಆದರೂ ಕಚ್ಚಾವಸ್ತು ಅಟ್ಲಾಂಟಿಕ್ ಸಾಗರ ದಾಟಿಯೇ ಬರಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಓಡಾಟ ಅಪಾಯಕ್ಕೆ ಸಿಲುಕಿತು. ಸಾಲದ್ದಕ್ಕೆ 1940ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನ ಕ್ರೌನ್ ಕಾರ್ಕ್ ಅಂಡ್ ಸೀಲ್ ಕಂಪನಿಯ ಕಾರ್ಕ್ ದಾಸ್ತಾನಿಗೆ ಬೆಂಕಿ ಬಿತ್ತು. ಯುದ್ಧಸಾಮಗ್ರಿಗೂ ಕಾರ್ಕ್ ಬೇಕಾಗಿದ್ದ ಹೊತ್ತು ಅದು. ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಮೆಕ್‌ಮ್ಯಾನಸ್ ಅಮೆರಿಕದಲ್ಲೇ ಕಾರ್ಕ್ ಓಕ್ ಬೆಳೆಸುವ ಯೋಜನೆ ನಡೆಸಿದ. ಕ್ಯಾಲಿಫೋರ್ನಿಯ ಮತ್ತಿತರ ರಾಜ್ಯಗಳಲ್ಲಿ ಶಾಲಾಮಕ್ಕಳೂ ಸಸಿ ನೆಟ್ಟರು. ಸಸಿಗಳೇನೋ ಚಿಗುರಿದವು, ಆದರೆ ಅವು ಸುಲಿತಕ್ಕೆ ಬರುವ ಹೊತ್ತಿಗೆ ಯುದ್ಧ ಮುಗಿದು ಎಷ್ಟೋ ಕಾಲವಾಗಿ, ಮುಚ್ಚಳದ ಒಳಗೆ ಪ್ಲಾಸ್ಟಿಕ್ ಬಂದು ಕೂತಿತ್ತು.

ಬೇರೆ ಮರಗಳಿಂದ ಕಾರ್ಕ್ ಪಡೆಯಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ರಸ್ತೆಬದಿಯ ಆಕಾಶಮಲ್ಲಿಗೆಗೆ ಭಾರತದ ಕಾರ್ಕ್ ಮರ ಎಂಬ ಹೆಸರೇ ಇದೆ. ಅದರ ತೊಗಟೆಯನ್ನು ಕಾರ್ಕಿನ ಬದಲು ಬಳಸಿದ್ದುಂಟು. ಆದರೆ ಗುಣದಲ್ಲಿ ಅದು ಕೀಳು.

ಇಂದಿಗೂ ದೊಡ್ಡ ಪ್ರಮಾಣದಲ್ಲಿ ಕಾರ್ಕ್ ಬಯಸುವವರ ಮುಂದೆ ಇರುವುದು ಅವೇ ಹಳೆಯ ದಾರಿಗಳು: ದಾಸ್ತಾನು ಇಡುವುದು, ಚೂರನ್ನು ಬಳಸುವುದು, ಬದಲಿ ವಸ್ತು ಹುಡುಕುವುದು. ನೆಲಹಾಸು, ಗೋಡೆಯ ಹಲಗೆಗಳಿಗೆ ಬೇಕಾಗುವುದು ಹೆಚ್ಚಾಗಿ ಚೂರು ಕಾರ್ಕೇ. ಅಂಥ ಕೆಲಸಕ್ಕೆ 43 ವರ್ಷದ ಹಲಗೆ ಕೇಳುವುದು ದುಂದು. ಬಾಹ್ಯಾಕಾಶ ಷಟಲ್‌ನ ಘನ ಇಂಧನ ರಾಕೆಟ್‌ಗಳಿಗೂ ಶಾಖದ ರಕ್ಷಣೆಗೆ ಕಾರ್ಕ್ ಬಳಸಿದ್ದರು.

ಮೂರನೆಯ ದಾರಿಯಲ್ಲೊಂದು ತೊಡಕಿದೆ, ಗಮನಿಸಿ. ಸಾಮಾನ್ಯವಾಗಿ ಮರದ ವಸ್ತು ಕೊಳ್ಳದಿದ್ದರೆ ಕಾಡು ಉಳಿಯಿತೆಂದು ಭಾವಿಸುತ್ತೇವೆ. ಇಲ್ಲಿ ಹಾಗಲ್ಲ. ಮರ ಕಡಿಯದೆ ತೊಗಟೆಯಷ್ಟನ್ನೇ ಮಾರಿ ಬದುಕುವ ರೈತನಿಗೆ ಕಾರ್ಕಿಗೆ ಬೆಲೆಯಿದ್ದಷ್ಟು ದಿನ ಕಾಡು ಕಾಯಲು ಕಾರಣವಿರುತ್ತದೆ. ಪೋರ್ಚುಗಲ್ 2011ರಲ್ಲಿ ಕಾರ್ಕ್ ಓಕನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು. ಕಾನೂನು ಮರವನ್ನು ಕಡಿಯದಂತೆ ತಡೆಯಬಲ್ಲದು. ಆದರೆ ಇಂದು ಸಸಿ ನೆಡುವವನು ತನ್ನ ಮಕ್ಕಳ ಕಾಲದಲ್ಲೂ ಕೊಳ್ಳುವವರು ಇರುತ್ತಾರೆಂದು ನಂಬಿಯೇ ನೆಡಬೇಕು.