ಹರಿವು ನಿಂತಾಗ: ಪಾರ್ಶ್ವವಾಯು ಮತ್ತು ಮಿದುಳಿನ ರೋಹಿತ ಚಿತ್ರಣ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಯಾವ ಊರಿಗೆ ಹೋದರೂ ‘ಲಕ್ವ ಹೊಡೆದವರು’ ಒಬ್ಬರಾದರೂ ಇರುತ್ತಾರೆ. ಬಿದ್ದುಹೋಗುವುದು ಕೈ, ಕಾಲು, ಮಾತು. ಹೀಗಾಗಿ ಎಣ್ಣೆ ತಿಕ್ಕುವುದೂ ಕೈಕಾಲಿಗೇ. ಆದರೆ ಪೆಟ್ಟು ಬಿದ್ದಿರುವುದು ಮಿದುಳಿಗೆ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೆ ಗೊತ್ತು. ಹೆಚ್ಚಿನ ಪ್ರಕರಣಗಳಲ್ಲಿ ಮಿದುಳಿನ ಒಂದು ರಕ್ತನಾಳಕ್ಕೆ ಹೆಪ್ಪು ಅಡ್ಡ ಸಿಕ್ಕಿಕೊಂಡಿರುತ್ತದೆ. ಉಳಿದವುಗಳಲ್ಲಿ ನಾಳ ಒಡೆದು ರಕ್ತ ಸುರಿದಿರುತ್ತದೆ. ಇಲ್ಲಿ ನಾವು ನೋಡುವುದು ಮೊದಲನೆಯ ಬಗೆಯನ್ನು.

ನಾಳ ಮುಚ್ಚಿದಾಗ ಎರಡು ಘಟನೆಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಹರಿವು ನಿಲ್ಲುತ್ತದೆ. ಆಮೇಲೆ, ಆ ಜಾಗದ ರಸಾಯನ ಬದಲಾಗುತ್ತದೆ. ತಲೆಬುರುಡೆಯನ್ನು ತೆರೆಯದೆ ಇವೆರಡನ್ನೂ ಕಾಣುವುದು ಹೇಗೆ? ಉತ್ತರ ಬಂದದ್ದು ಭೌತವಿಜ್ಞಾನದಿಂದ. ಅದರ ಬೇರುಗಳನ್ನು ಹುಡುಕಿದರೆ 1951ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ಸಿಗುತ್ತವೆ. ಅವುಗಳಲ್ಲಿ ಒಂದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಪ್ರೋಟಾನಿನ ದನಿ

ಹೈಡ್ರೊಜನ್ ಪರಮಾಣುವಿನ ಬೀಜ ಒಂದು ಪ್ರೋಟಾನ್. ಅದು ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟರೆ ಅದು ಒಂದು ನಿರ್ದಿಷ್ಟ ಆವರ್ತಾಂಕದ ರೇಡಿಯೊ ಅಲೆಗೆ ಮಾತ್ರ ಓಗೊಡುತ್ತದೆ. 1.5 ಟೆಸ್ಲಾ ಕ್ಷೇತ್ರದಲ್ಲಿ ಈ ಆವರ್ತಾಂಕ ಸುಮಾರು 64 ಮೆಗಾಹರ್ಟ್ಸ್, ನಿಮ್ಮ ಎಫ್.ಎಂ. ರೇಡಿಯೊ ಬಳಸುವ ಆವರ್ತಾಂಕಗಳಿಗಿಂತ ತುಸು ಕೆಳಗೆ. ಇದೇ ಬೈಜಿಕ ಕಾಂತೀಯ ಅನುರಣನೆ, ಚಿಕ್ಕದಾಗಿ ಎನ್ಎಂಆರ್. 1946ರಲ್ಲಿ ಅಮೆರಿಕದಲ್ಲಿ ಫೀಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಇದನ್ನು ಬೇರೆಬೇರೆಯಾಗಿ ತೋರಿಸಿದರು. 1952ರ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸಂದಿತು.

ಎರಡು ಪ್ರಯೋಗಗಳು, ಒಂದೇ ವರ್ಷ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಈ ಹೊಸ ವಿದ್ಯಮಾನವನ್ನು ಹರಿಯುವ ದ್ರವದಲ್ಲಿ ಪರೀಕ್ಷಿಸಿದರು. ನಿಂತ ನೀರಿಗೆ ರೇಡಿಯೊ ಅಲೆಗಳನ್ನು ಸತತವಾಗಿ ಉಣಿಸಿದರೆ ಪ್ರೋಟಾನುಗಳು ‘ತಣಿದು’ ಸಂಕೇತ ಕುಂದುತ್ತದೆ. ನೀರು ಹರಿಯತೊಡಗಿದರೆ? ತಣಿದ ಪ್ರೋಟಾನುಗಳು ಸುರುಳಿಯಿಂದ ಆಚೆ ಹೋಗಿ ಹೊಸವು ಒಳಬರುತ್ತವೆ, ಸಂಕೇತ ಬಲಗೊಳ್ಳುತ್ತದೆ. ಅಂದರೆ ಸಂಕೇತದ ಬಲದಲ್ಲೇ ಹರಿವಿನ ಸುದ್ದಿ ಅಡಗಿದೆ. ಸೂರ್ಯನ್ 1951ರಲ್ಲಿ ಇದನ್ನು ಪ್ರಕಟಿಸಿದರು. 1959ರಲ್ಲಿ ಅಮೆರಿಕದ ಜೆ. ಆರ್. ಸಿಂಗರ್ ಇಲಿಯ ಬಾಲದ ರಕ್ತಪ್ರವಾಹವನ್ನು ಎನ್ಎಂಆರ್‌ನಿಂದ ಅಳೆದರು. ಇಂದು ಎಂಆರ್‌ಐ ಯಂತ್ರದಲ್ಲಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಒಂದು ಮುಖ್ಯ ವಿಧಾನದ ಹಿಂದಿರುವುದೂ ಇದೇ ತತ್ತ್ವ: ಸುತ್ತಲಿನ ಅಂಗಾಂಶ ತಣಿದು ಮಂಕಾಗಿರುತ್ತದೆ, ಹೊಸದಾಗಿ ಬಂದ ರಕ್ತ ಹೊಳೆಯುತ್ತದೆ. ಮುಚ್ಚಿದ ನಾಳ ಅಲ್ಲಿಗೇ ಕತ್ತರಿಸಿದಂತೆ ಕಾಣುತ್ತದೆ.

ಎರಡನೆಯ ಪ್ರಯೋಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಯಿತು. ಮಾಡಿದವರು ಆರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್. ನಡುವಿನ ಹೆಸರು ಕನ್ನಡದ ಕಿವಿಗೆ ಹೊಸದಲ್ಲ, ಅಲ್ಲವೆ? ಎಸ್. ಎಸ್. ಧರ್ಮಟ್ಟಿ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಎನ್ಎಂಆರ್ ಸಂಶೋಧನೆಗೆ ಅಡಿಪಾಯ ಹಾಕಿದವರು. ಈ ಮೂವರು ಎಥನಾಲ್‌ನಲ್ಲಿರುವ ಹೈಡ್ರೊಜನ್‌ನ ಸಂಕೇತವನ್ನು ಸೂಕ್ಷ್ಮವಾಗಿ ನೋಡಿದರು. ಒಂದು ಗೆರೆಯ ಬದಲು ಮೂರು ಕಂಡವು. ಅವುಗಳ ವಿಸ್ತೀರ್ಣ 3:2:1ರ ಪ್ರಮಾಣದಲ್ಲಿತ್ತು. ಎಥನಾಲ್‌ನ ಅಣುರಚನೆಯನ್ನು ಬರೆದು ನೋಡಿ. ಮೀಥೈಲ್ ಗುಂಪಿನಲ್ಲಿ 3 ಹೈಡ್ರೊಜನ್, ಅದರ ಪಕ್ಕದ ಇಂಗಾಲದ ಮೇಲೆ 2, ಆಕ್ಸಿಜನ್‌ಗೆ ಅಂಟಿಕೊಂಡದ್ದು 1. ಸುತ್ತಲಿನ ಎಲೆಕ್ಟ್ರಾನುಗಳು ಪ್ರತಿ ಪ್ರೋಟಾನಿಗೂ ಸ್ವಲ್ಪ ಬೇರೆಯಾದ ಮರೆ ಒಡ್ಡುವುದರಿಂದ ಅವುಗಳ ಆವರ್ತಾಂಕ ಕೆಲವೇ ದಶಲಕ್ಷಾಂಶಗಳಷ್ಟು ಬದಲಾಗುತ್ತದೆ. ಈ ‘ರಾಸಾಯನಿಕ ಪಲ್ಲಟ’ ಅದಕ್ಕೂ ಮುನ್ನ, 1950ರಲ್ಲೇ, ಬೇರೆ ಬೀಜಗಳಲ್ಲಿ ಕಂಡಿತ್ತು. ಅದು ಅಣುವಿನ ಗುರುತಿನ ಚೀಟಿ ಎಂಬುದನ್ನು ಎಥನಾಲ್ ಸ್ಪಷ್ಟಪಡಿಸಿತು.

ಒಂದು ಪ್ರಯೋಗ ಹರಿವನ್ನು ಕಂಡಿತು, ಇನ್ನೊಂದು ರಸಾಯನವನ್ನು. ಪಾರ್ಶ್ವವಾಯುವಿನ ವಿಚಾರ ಎರಡನ್ನೂ ಮಾಡಿದವರ ಮನಸ್ಸಿನಲ್ಲಿರಲಿಲ್ಲ.

ಗೆರೆಯಿಂದ ಚಿತ್ರಕ್ಕೆ

ರೋಹಿತ ಏನಿದೆ ಎಂದು ಹೇಳುತ್ತದೆ. ಎಲ್ಲಿದೆ ಎಂದು ಹೇಳುವುದಿಲ್ಲ. 1973ರಲ್ಲಿ ಪಾಲ್ ಲಾಟರ್‌ಬರ್, ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರ ಬಳಸಿ ಎನ್ಎಂಆರ್ ಚಿತ್ರ ತೆಗೆಯಬಹುದೆಂದು ತೋರಿಸಿದರು. 1975ರಲ್ಲಿ ಅನಿಲ್ ಕುಮಾರ್, ವೆಲ್ಟಿ ಮತ್ತು ರಿಚರ್ಡ್ ಅರ್ನ್‌ಸ್ಟ್ ಅದಕ್ಕೆ ಫೂರಿಯೇ ಗಣಿತವನ್ನು ಜೋಡಿಸಿದರು. ಇಂದಿನ ಎಂಆರ್‌ಐ ನಿಂತಿರುವುದು ಈ ವಿಧಾನದ ಮೇಲೆ. ಅನಿಲ್ ಕುಮಾರ್ ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ ಪ್ರಾಧ್ಯಾಪಕರಾದರು. 1982ರಲ್ಲಿ ಬ್ರೌನ್, ಕಿಂಕೇಡ್ ಮತ್ತು ಉಗುರ್ಬಿಲ್ ಚಿತ್ರದ ಪ್ರತಿ ಚೌಕಕ್ಕೂ ಒಂದು ಪೂರ್ತಿ ರೋಹಿತ ಪಡೆಯುವ ದಾರಿ ತೋರಿಸಿದರು. ಇದೇ ಕಾಂತೀಯ ಅನುರಣನೆಯ ರೋಹಿತ ಚಿತ್ರಣ. 1980ರ ದಶಕ ಮುಗಿಯುವ ಹೊತ್ತಿಗೆ ಪಾರ್ಶ್ವವಾಯು ತಗುಲಿದ ರೋಗಿಗಳ ಮಿದುಳಿನ ರೋಹಿತಗಳು ಸಂಶೋಧಕರ ಕೈಯಲ್ಲಿದ್ದವು.

ಎರಡು ಸಾಕ್ಷಿಗಳು

ಆ ರೋಹಿತದಲ್ಲಿ ಏನಿರುತ್ತದೆ? ಆರೋಗ್ಯವಂತ ಮಿದುಳಿನಲ್ಲಿ ಎತ್ತರದ ಗೆರೆ ಎನ್-ಅಸಿಟೈಲ್ ಆಸ್ಪರ್ಟೇಟ್ ಎಂಬ ವಸ್ತುವಿನದು. ಅದರ ಜಾಗ 2.0 ದಶಲಕ್ಷಾಂಶ. 1956ರಲ್ಲಿ ಮೊದಲು ಗುರುತಿಸಿದ ಈ ವಸ್ತು ವಯಸ್ಕರಲ್ಲಿ ಮುಖ್ಯವಾಗಿ ನರಕೋಶಗಳಲ್ಲಿದೆ. ಅದು ಕಡಿಮೆಯಾದರೆ ನರಕೋಶಗಳು ಸತ್ತಿವೆ ಅಥವಾ ಬಹಳ ಬಳಲಿವೆ ಎಂದರ್ಥ.

ಎರಡನೆಯದು ಲ್ಯಾಕ್ಟೇಟ್, ಜಾಗ 1.3. ಓಡಿ ಬಂದ ಹುಡುಗನ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುವುದನ್ನು ಅವಾಯುವಿಕ ಉಸಿರಾಟದ ಪಾಠದಲ್ಲಿ ನೀವು ಹೇಳಿಕೊಡುತ್ತೀರಿ. ಮಿದುಳಿನಲ್ಲೂ ಅಷ್ಟೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ಆಕ್ಸಿಜನ್‌ನ ಸುಮಾರು ಶೇ. 20ನ್ನು ಬಳಸುತ್ತದೆ. ಅದು ನಿಂತೊಡನೆ, ನಿಮಿಷಗಳಲ್ಲೇ ಲ್ಯಾಕ್ಟೇಟ್ ಏರುತ್ತದೆ. ಎನ್-ಅಸಿಟೈಲ್ ಆಸ್ಪರ್ಟೇಟ್ ಹಾಗಲ್ಲ. ಗಂಟೆಗಳು, ದಿನಗಳು ಕಳೆದಂತೆ ಕುಗ್ಗುತ್ತದೆ.

ಈ ವ್ಯತ್ಯಾಸವೇ ಮುಖ್ಯ. ಮಿದುಳಿನ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. ಅದು 20ಕ್ಕಿಂತ ಕೆಳಗಿಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ. 10ರ ಆಸುಪಾಸಿಗೆ ಇಳಿದರೆ ಬೇಗನೆ ಸಾಯುತ್ತದೆ. ಈ ಎರಡರ ನಡುವಿನ ಪ್ರದೇಶಕ್ಕೆ 1981ರಲ್ಲಿ ಆಸ್ಟ್ರುಪ್, ಸೀಶೋ ಮತ್ತು ಸೈಮನ್ ಗ್ರಹಣದಿಂದ ಎರವಲು ಪಡೆದ ಒಂದು ಪದ ಬಳಸಿದರು: ಅರೆನೆರಳು. ಅಲ್ಲಿನ ಕೋಶಗಳು ಮೌನವಾಗಿವೆ, ಸತ್ತಿಲ್ಲ. ಹರಿವು ಮರಳಿದರೆ ಬದುಕುತ್ತವೆ. ರೋಹಿತ ಚಿತ್ರದಲ್ಲಿ ಲ್ಯಾಕ್ಟೇಟ್ ಏರಿ ಎನ್-ಅಸಿಟೈಲ್ ಆಸ್ಪರ್ಟೇಟ್ ಇನ್ನೂ ಉಳಿದಿರುವ ಜಾಗ ಇಂಥ ಅರೆನೆರಳಾಗಿರಬಹುದು. ಎರಡನೆಯದೂ ಕುಸಿದಿದ್ದರೆ ಅಲ್ಲಿ ಹಾನಿ ಆಳವಾಗಿದೆ.

ಹಾಗಾದರೆ ತುರ್ತು ಚಿಕಿತ್ಸೆಯಲ್ಲಿ ಇದನ್ನೇ ಏಕೆ ಬಳಸುವುದಿಲ್ಲ? ಕಾರಣ ಭೌತವಿಜ್ಞಾನದಲ್ಲೇ ಇದೆ. ಮಿದುಳಿನ ನೀರಿನ ಸಂಕೇತಕ್ಕೆ ಹೋಲಿಸಿದರೆ ಈ ವಸ್ತುಗಳ ಸಂಕೇತ ಸಾವಿರಾರು ಪಟ್ಟು ಕ್ಷೀಣ. ಅದನ್ನು ಗದ್ದಲದಿಂದ ಹೆಕ್ಕಲು ಚೌಕಗಳು ದೊಡ್ಡದಿರಬೇಕು. ಅಳತೆಯನ್ನು ಹಲವು ಬಾರಿ ಮಾಡಿ ಕೂಡಿಸಬೇಕು. ಅದಕ್ಕೆ ಅನೇಕ ನಿಮಿಷಗಳು ಬೇಕು; ರೋಗಿ ಅಲುಗಾಡಬಾರದು. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲು ಮಾಡುವುದು ಸಿಟಿ ಸ್ಕ್ಯಾನ್. ಎಂಆರ್‌ಐ ಇರುವಲ್ಲಿ, 1990ರಲ್ಲಿ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳಲ್ಲಿ ಪರೀಕ್ಷಿಸಿ ತೋರಿಸಿದ, ನೀರಿನ ವಿಸರಣೆಯನ್ನು ಅಳೆಯುವ ವಿಧಾನ ಬಳಕೆಯಲ್ಲಿದೆ. ರೋಹಿತ ಚಿತ್ರಣದ ದೊಡ್ಡ ಕೊಡುಗೆ ತಿಳಿವಳಿಕೆಯದು. ಹಾನಿ ಒಂದೇ ಏಟಿಗೆ ಮುಗಿಯುವುದಿಲ್ಲ, ಅದು ಗಂಟೆಗಟ್ಟಲೆ ಹಬ್ಬುತ್ತದೆ ಎಂಬುದನ್ನು ಅದು ಜೀವಂತ ಮಿದುಳಿನ ರಸಾಯನದಲ್ಲೇ ತೋರಿಸಿಕೊಟ್ಟಿತು.

ಗಡಿಯಾರದ ಲೆಕ್ಕ

ಈ ತಿಳಿವಳಿಕೆಗೂ ನಮ್ಮ ತಾಲ್ಲೂಕುಗಳಿಗೂ ನೇರ ಸಂಬಂಧವಿದೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ರಕ್ತಸ್ರಾವವಿಲ್ಲವೆಂದು ಸ್ಕ್ಯಾನ್ ಖಚಿತಪಡಿಸಬೇಕು. ದೊಡ್ಡ ನಾಳ ಮುಚ್ಚಿದ್ದ ರೋಗಿಗಳನ್ನು ಗಣಿಸಿ 2006ರಲ್ಲಿ ಮಾಡಿದ ಒಂದು ಅಂದಾಜಿನಂತೆ, ಚಿಕಿತ್ಸೆಯಿಲ್ಲದೆ ಕಳೆದ ಪ್ರತಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ನಾಶವಾಗುತ್ತವೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ.; ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200. ನೇರ ಬೆಂಗಳೂರಿಗೇ ಹೊರಟರೆ ಆ ಅವಧಿಯ ಬಹುಪಾಲು ರಸ್ತೆಯಲ್ಲೇ ಮುಗಿಯುತ್ತದೆ. ಬೆಳಗಾಗಲಿ ನೋಡೋಣ ಎಂದು ಕಾದರಂತೂ ಪೂರ್ತಿ ಮುಗಿದಂತೆ.

ಆದ್ದರಿಂದ ಅಧ್ಯಾಪಕ ಮಿತ್ರರೆ, ಎಥನಾಲ್‌ನ ಮೂರು ಗೆರೆಗಳನ್ನು ಕರಿಹಲಗೆಯ ಮೇಲೆ ಬರೆಯುವ ದಿನ ಇನ್ನೂ ಮೂರು ಗುರುತುಗಳನ್ನು ಪಕ್ಕದಲ್ಲಿ ಬರೆಯಿರಿ: ಮುಖ ಒಂದು ಕಡೆ ವಾಲುವುದು, ಎತ್ತಿದ ಕೈ ಕೆಳಗೆ ಜಾರುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಹಠಾತ್ತನೆ ಕಂಡರೂ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಲಕ್ಷಣ ಶುರುವಾದ ಹೊತ್ತನ್ನು ವೈದ್ಯರಿಗೆ ಹೇಳಬೇಕು. ಅರೆನೆರಳಿನಲ್ಲಿರುವ ಕೋಶಗಳು ಹೆಚ್ಚು ಹೊತ್ತು ಕಾಯುವುದಿಲ್ಲ. ತರಗತಿಯಲ್ಲಿ ಕೇಳಿದ್ದನ್ನು ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯ ಮುಂದೆ ಹೇಳಿದರೆ ಪಾಠ ಸಾರ್ಥಕವಾದೀತು.